ಹುಟ್ಟಿಗೆ ಜೋತುಬಿದ್ದ ಭುಜ

ಪ್ರಶ್ನೆ: ಮಾಸ್ತರರೇ, ವಲಿಯಪರಂಬ ಹಿನ್ನೀರಿನಲ್ಲಿ ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿಯುತ್ತಿದ್ದೇನೆ. ದೋಣಿ ವಾಲಿದಾಗ ಹುಟ್ಟನ್ನು ನೀರಿಗೆ ಒತ್ತಿ ಸಾವರಿಸಿಕೊಳ್ಳುವ ‘ಬ್ರೇಸ್’ ಅಭ್ಯಾಸ ಶುರುವಾದಂದಿನಿಂದ ಬಲ ಭುಜದ ಮುಂಭಾಗ ನೋಯುತ್ತಿದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿಲ್ಲ. ವಯಸ್ಸು 38. ಬಿಟ್ಟುಬಿಡಲೇ?
– ಓದುಗರು, ಕುಂಬಳೆ

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಎಡಗೈ ತಾನಾಗಿ ಬಲ ಭುಜದ ಮೇಲೆ ಹೋಯಿತು. ಐದು ವರ್ಷದ ಹಿಂದೆ ಶಿರಿಯಾ ಹೊಳೆಯಲ್ಲಿ ದೋಣಿ ವಾಲಿದಾಗ ನಾನು ಕೈಯನ್ನು ತಲೆಗಿಂತ ಮೇಲಕ್ಕೆ, ಹಿಂದಕ್ಕೆ ಚಾಚಿ ಹುಟ್ಟಿಗೆ ಜೋತುಬಿದ್ದೆ. ಆಮೇಲೆ ಮೂರು ತಿಂಗಳು ಬಾವಿಯಿಂದ ಒಂದು ಕೊಡ ನೀರು ಸೇದಲಾಗಲಿಲ್ಲ. ಹೆಂಡತಿ ಸೇದಿದಳು, ಮಾತು ಬೇರೆ ಕೇಳಬೇಕಾಯಿತು.

ಭುಜದ ಮೂಳೆಯ ಗುಂಡು ಕೂತಿರುವುದು ಆಳವಿಲ್ಲದ ಕುಳಿಯಲ್ಲಿ. ಕೈ ಮೇಲೇರಿ ಹಿಂದಕ್ಕೆ ತಿರುಗಿದರೆ ಅದು ಮುಂದಕ್ಕೆ ಜಾರಲು ಹವಣಿಸುತ್ತದೆ. ಅದರ ಮೇಲೆ ಮೈಭಾರವನ್ನೂ ಹೇರಿದರೆ ಕೇಳಬೇಕೇ?

ನಿಮಗೆ ಮೊದಲು ‘ಹೈ ಬ್ರೇಸ್’ ಕಲಿಸಿರಬೇಕು ಎಂದು ನನ್ನ ಗುಮಾನಿ. ‘ಲೋ ಬ್ರೇಸ್’ನಿಂದ ಶುರುಮಾಡಿ: ಮೊಣಕೈ ಹುಟ್ಟಿಗಿಂತ ಮೇಲೆ, ಗೆಣ್ಣುಗಳು ಕೆಳಮುಖ, ದಂಡ ಹೊಡೆಯುವ ಹಾಗೆ. ಅದು ಪಳಗಿದ ಮೇಲೆ ‘ಹೈ’. ಅದರಲ್ಲಿ ಮೊಣಕೈ ಹುಟ್ಟಿಗಿಂತ ಕೆಳಗೆ, ಪಕ್ಕೆಗೆ ಹತ್ತಿರ. ಅಂಗೈ ಗದ್ದ ದಾಟಬಾರದು. ಮನೆಯ ಜಗಲಿಯಲ್ಲಿ ಕಂಕುಳಿಗೆ ಬೈರಾಸು (ಟವೆಲ್) ಸಿಕ್ಕಿಸಿಕೊಂಡು ಇದನ್ನು ಮಾಡಿ ನೋಡಿ. ಬೈರಾಸು ಬಿದ್ದರೆ ಮೊಣಕೈ ಹಾರಿತು ಎಂದರ್ಥ. ಹುಟ್ಟು ಹಿಂದಕ್ಕೆ ಹೋಗಬೇಕಾದಾಗ ಕೈಯೊಂದನ್ನೇ ಕಳಿಸಬೇಡಿ, ಎದೆಯೂ ಜೊತೆಗೆ ತಿರುಗಲಿ.

ಇನ್ನೊಂದು ಮಾತು. ಹುಟ್ಟು ಕೊಡುವುದು ಕ್ಷಣದ ಆಸರೆ ಮಾತ್ರ. ದೋಣಿಯನ್ನು ಎತ್ತುವುದು ಸೊಂಟ. ಬಲಕ್ಕೆ ವಾಲಿದರೆ ಬಲ ಮೊಣಕಾಲನ್ನು ದೋಣಿಯ ಒಳಮೈಗೆ ಒತ್ತಿ ಮೇಲೆತ್ತಿ, ತಲೆಯನ್ನು ಬಲ ಭುಜದತ್ತ ಬಾಗಿಸಿ. ಗಾಬರಿಗೆ ಎಲ್ಲರೂ ತಲೆಯನ್ನೇ ಮೊದಲು ಎತ್ತುತ್ತಾರೆ. ನಾಲ್ಕೈದು ಕಿಲೋ ತೂಗುವ ಆ ತಲೆಯ ಲೆಕ್ಕವನ್ನು ಭುಜ ತೀರಿಸಬೇಕಾಗುತ್ತದೆ. ತಲೆ ಕೊನೆಗೆ ಬರಲಿ. ಹಿಡಿತವೂ ಸಡಿಲವಿರಲಿ, ಇಲ್ಲದಿದ್ದರೆ ಮುಂದಿನ ಪತ್ರ ಮಣಿಕಟ್ಟಿನ ಬಗ್ಗೆ ಬರುತ್ತದೆ.

ಇಳಿತದ ಹೊತ್ತಿನಲ್ಲಿ ಅಭ್ಯಾಸ ಬೇಡ. ಹುಟ್ಟು ಕೆಸರಿಗೆ ಸಿಕ್ಕಿಕೊಂಡರೆ ಏಟು ನೇರ ಭುಜಕ್ಕೆ. ಎದೆಮಟ್ಟದ ನೀರಿನಲ್ಲಿ ಒಬ್ಬರು ದೋಣಿಯ ಮೂತಿ ಹಿಡಿದು ನಿಲ್ಲಲಿ.

ಇದೆಲ್ಲ ಆಮೇಲೆ. ರಾತ್ರಿ ಮಲಗಲು ಬಿಡದ ನೋವನ್ನು ಎಣ್ಣೆ ತಿಕ್ಕಿ ಮರೆಸಬೇಡಿ. ಈ ವಾರವೇ ಮೂಳೆ ತಜ್ಞರಿಗೆ ತೋರಿಸಿ. ಅವರು ಸರಿ ಎನ್ನುವವರೆಗೆ ಹುಟ್ಟು ಜಗಲಿಯ ಮೂಲೆಯಲ್ಲಿರಲಿ.