ಕಠ್ಮಂಡುವಿನ ಇಪ್ಪತ್ಮೂರು ಗುಡಿಗಳಲ್ಲಿ ಒಂದನ್ನು ಉಳಿಸಿಕೊಳ್ಳಿ

ಪ್ರಿಯ ಲೇಖಕರಿಗೆ ನಮಸ್ಕಾರ.

ನೀವು ಕಳಿಸಿದ ‘ದೇವರುಗಳ ರಾಜಧಾನಿ ಕಠ್ಮಂಡು’ ಲೇಖನವನ್ನು ನಮ್ಮ ಬಳಗದ ಇಬ್ಬರು ಬೇರೆಬೇರೆಯಾಗಿ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ವಿಷಾದ ಹೇಳಿ ಹಿಂದಿರುಗಿಸುವ ಮನಸ್ಸೂ ಇಲ್ಲ. ಒಂಬತ್ತನೇ ಪುಟದಲ್ಲಿ ಮರದ ಹಳೆಯ ಕಟ್ಟಡ ಕಾಷ್ಠಮಂಡಪದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೀರಿ: ಎಣ್ಣೆ ಮತ್ತು ಉಪ್ಪಿನ ಬೆಲೆ ಒಂದೇ ಆಗುವವರೆಗೆ ಆ ಕಟ್ಟಡಕ್ಕೆ ಪ್ರತಿಷ್ಠೆ ಇಲ್ಲ ಎಂಬ ಮಾತು. ಇಡೀ ಬರಹದಲ್ಲಿ ಜೀವ ಇರುವುದು ಅಲ್ಲಿ. ಈ ಪತ್ರ ಉದ್ದವಾಗುವುದಕ್ಕೆ ಆ ನಾಲ್ಕು ಸಾಲೇ ಕಾರಣ.

ಮೊದಲು ಲೆಕ್ಕ. 3,400 ಪದಗಳಲ್ಲಿ 23 ಸ್ಥಳಗಳಿವೆ, ಒಂದೊಂದಕ್ಕೆ ಸುಮಾರು 150 ಪದ. ಇಷ್ಟು ಜಾಗದಲ್ಲಿ ಹೆಸರು, ಕಟ್ಟಿಸಿದ ರಾಜ, ಒಂದು ಇಸವಿ, ಒಂದು ಪವಾಡ ಹೇಳುವಷ್ಟರಲ್ಲಿ ಮುಂದಿನ ಗುಡಿ ಬಂದುಬಿಡುತ್ತದೆ. ನೋಡಿದ್ದನ್ನು ಬಿಡಿಸಿ ಹೇಳಲು ಜಾಗ ಸಿಗದೆ ‘ಭವ್ಯ’ ಎಂಬ ಪದ ಹದಿನಾಲ್ಕು ಸಲ, ‘ನಯನಮನೋಹರ’ ಒಂಬತ್ತು ಸಲ ಬಂದಿದೆ. ಪದಗಳನ್ನು ತಿದ್ದಿದರೆ ಇದು ಸರಿಹೋಗುವುದಿಲ್ಲ, ಸ್ಥಳಗಳನ್ನೇ ಕಡಿಮೆ ಮಾಡಬೇಕು.

ಕೆಲವನ್ನು ಹೇಗೂ ತೆಗೆಯಲೇಬೇಕು, ಏಕೆಂದರೆ ಅವು ಕಠ್ಮಂಡು ನಗರದಲ್ಲಿಲ್ಲ. ಐದು ಮಾಡಿನ ನ್ಯಾತಪೋಲ ಇರುವುದು ಭಕ್ತಪುರದಲ್ಲಿ, ಕಲ್ಲಿನ ಕೃಷ್ಣ ಮಂದಿರ ಪಾಟನ್‌ನಲ್ಲಿ. ಚಾಂಗು ನಾರಾಯಣ ಭಕ್ತಪುರದ ಕಡೆಯ ಗುಡ್ಡದ ಮೇಲಿದೆ. ಕಣಿವೆ ಒಂದೇ ಆದರೂ ಊರುಗಳು ಬೇರೆ. 1482ರಲ್ಲಿ ಯಕ್ಷ ಮಲ್ಲ ತೀರಿಕೊಂಡ ಮೇಲೆ ಅವನ ರಾಜ್ಯ ಒಡೆದು ಈ ಮೂರು ಊರುಗಳು ಪ್ರತ್ಯೇಕ ರಾಜಧಾನಿಗಳಾದವು. 1768ರಲ್ಲಿ ಇಂದ್ರಜಾತ್ರೆಯ ದಿನ ಪೃಥ್ವಿನಾರಾಯಣ ಶಾಹ ಕಠ್ಮಂಡುವನ್ನು ಹಿಡಿಯುವವರೆಗೂ ಆ ಸೋದರ ಮನೆತನಗಳು ಪೈಪೋಟಿಗೆ ಬಿದ್ದು ಗುಡಿ ಕಟ್ಟಿಸಿದವು. ಪಾಟನ್‌ನ ಸಿದ್ಧಿನರಸಿಂಹ 1637ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ, ಭಕ್ತಪುರದ ಭೂಪತೀಂದ್ರ 1702ರಲ್ಲಿ ಐದು ಮಾಡು ಏರಿಸಿದ. ನೀವು ಇವರೆಲ್ಲರನ್ನೂ ‘ಕಠ್ಮಂಡುವಿನ ಮಲ್ಲ ದೊರೆಗಳು’ ಎಂದು ಒಟ್ಟುಗೂಡಿಸಿದ್ದರಿಂದ ಆ ಪೈಪೋಟಿಯೇ ಕಾಣದಂತಾಗಿದೆ. ಇಷ್ಟೊಂದು ಗುಡಿಗಳು ಇಷ್ಟು ಹತ್ತಿರ ಹತ್ತಿರ ಏಕಿವೆ ಎಂಬುದಕ್ಕೆ ದೊಡ್ಡ ಕಾರಣ ಅದು.

ಈಗ ಕಾಷ್ಠಮಂಡಪಕ್ಕೆ ಬರೋಣ. ‘1596ರಲ್ಲಿ ಲಕ್ಷ್ಮೀನರಸಿಂಹ ಮಲ್ಲ ಕಟ್ಟಿಸಿದ ದೇವಾಲಯ’ ಎಂದು ಬರೆದಿದ್ದೀರಿ. ಎರಡು ತಪ್ಪುಗಳಿವೆ. ಅದು ದೇವಾಲಯವಾಗಿ ಹುಟ್ಟಿದ್ದಲ್ಲ. ಸ್ಥಳೀಯರ ಮಾತಿನಲ್ಲಿ ಅದು ಮರೂ ಸತ್ತಲ್. ಸತ್ತಲ್ ಎಂದರೆ ಮಹಡಿಯಿರುವ ತಂಗುಮನೆ, ನಮ್ಮ ಛತ್ರದ ಹಾಗೆ. ನಡುವೆ ಗೋರಖನಾಥನ ವಿಗ್ರಹವಿದೆ, ಮೂಲೆಗಳಲ್ಲಿ ಗಣಪತಿಗಳಿದ್ದಾರೆ, ಆದರೂ ನೆಲ ಅಂತಸ್ತು ನಾಲ್ಕೂ ಕಡೆ ತೆರೆದುಕೊಂಡಿತ್ತು. ವ್ಯಾಪಾರದ ದಾರಿಗಳು ಕೂಡುವ ಕಡೆ ಬಂದವರು ಕುಳಿತು ದಣಿವಾರಿಸಿಕೊಳ್ಳುವ ಜಾಗ ಅದು. ಊರಿಗೆ ಕಠ್ಮಂಡು ಎಂಬ ಹೆಸರು ಬಂದದ್ದು ಈ ಛತ್ರದಿಂದ. ಗರ್ಭಗುಡಿಯಿಂದಲ್ಲ, ಕುಳಿತು ಹೋಗುವ ಕಟ್ಟೆಯಿಂದ ಹೆಸರು ಪಡೆದ ರಾಜಧಾನಿ ಎಂಬುದೇ ನಿಮ್ಮ ಲೇಖನದ ಮೊದಲ ಪ್ಯಾರಾ ಆಗಬಹುದು.

ಎರಡನೆಯ ತಪ್ಪು ಇಸವಿ. 1596 ವಂಶಾವಳಿಗಳಿಂದ ಕೈಪಿಡಿಗಳಿಗೆ ಬಂದದ್ದು. 12ನೇ ಶತಮಾನದ ಹಸ್ತಪ್ರತಿಯಲ್ಲೇ ಕಾಷ್ಠಮಂಡಪದ ಹೆಸರಿದೆ ಎಂದು ತಿಳಿದಾಗ ಆ ಕಾಲ ನಾಲ್ಕು ಶತಮಾನಕ್ಕೂ ಹೆಚ್ಚು ಹಿಂದಕ್ಕೆ ಸರಿಯಿತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಟ್ಟಡ ನೆಲಕಚ್ಚಿದ ಮೇಲೆ ನೇಪಾಳದ ಪುರಾತತ್ವ ಇಲಾಖೆ ಮತ್ತು ಡರ್ಹಮ್ ವಿಶ್ವವಿದ್ಯಾಲಯದ ತಂಡ ಅಡಿಪಾಯ ಅಗೆದು ನೋಡಿತು. ತಳದ ಇಟ್ಟಿಗೆ ಕೆಲಸ ಸುಮಾರು 7ನೇ ಶತಮಾನದ್ದು, ಅಂದರೆ ಮಲ್ಲರಿಗಿಂತ ಮೊದಲು ಆಳಿದ ಲಿಚ್ಛವಿಗಳ ಕಾಲದ್ದು ಎಂದು ತಿಳಿಯಿತು. ಅಡಿಪಾಯದಲ್ಲಿ ಅಡ್ಡಗೋಡೆಗಳು ಒಂಬತ್ತು ಮನೆಗಳ ಮಂಡಲದಂತೆ ಒಂದನ್ನೊಂದು ಹಿಡಿದುಕೊಂಡಿದ್ದವು. ಈ ಮೂರು ಕಾಲಗಳನ್ನೂ ಓದುಗರ ಮುಂದಿಡಿ. ಒಂದು ಊರು ತನ್ನ ವಯಸ್ಸನ್ನು ಎರಡು ಸಲ ತಿದ್ದಿಕೊಂಡ ಸಂಗತಿ ಯಾವ ಪವಾಡಕ್ಕೂ ಕಡಿಮೆಯಲ್ಲ.

ಕುಸಿತದ ಬಗ್ಗೆ ‘ಪ್ರಕೃತಿಯ ಮುನಿಸಿಗೆ ಹಳೆಯ ಕಟ್ಟಡ ತಾಳಲಿಲ್ಲ’ ಎಂದಿದ್ದೀರಿ. ಇದನ್ನು ದಯವಿಟ್ಟು ತೆಗೆಯಿರಿ. ಹಳೆಯ ಅಡಿಪಾಯ ತಾಳಿತ್ತು, ಅದಕ್ಕೆ ಗಟ್ಟಿಯಾದ ಪೆಟ್ಟೇನೂ ಬಿದ್ದಿರಲಿಲ್ಲ. ಸೋತದ್ದು ಕಂಬ ಮತ್ತು ಕಲ್ಲು ಕೂಡುವ ಕಡೆ. ನಡುವಿನ ನಾಲ್ಕು ದೊಡ್ಡ ಕಂಬಗಳು ಮೂರೂ ಮಾಡುಗಳ ಭಾರ ಹೊರುತ್ತವೆ. ಒಂದೊಂದು ಕಂಬದ ಬುಡದಲ್ಲಿ ಚಾಚಿಕೊಂಡ ಗೂಟ ಪೀಠದ ಕಲ್ಲಿನ ಕುಳಿಯಲ್ಲಿ ಕೂರಬೇಕು. ಹಾಗೆ ಕೂತಿದ್ದರೆ ನೆಲ ಅಲುಗಿದಾಗ ಕಂಬ ತೂಗುತ್ತದೆ, ಜಾರುವುದಿಲ್ಲ. ಆ ನಾಲ್ಕರಲ್ಲಿ ಒಂದು ಕಂಬಕ್ಕೆ ತನ್ನ ಕಲ್ಲಿನ ಮೇಲೆ ಹಿಡಿತವೇ ಇರಲಿಲ್ಲ. 1960ರ ದಶಕದ ದುರಸ್ತಿಯಲ್ಲಿ ಅದನ್ನು ಸರಿಪಡಿಸದೆ ಮೇಲೆ ನೆಲಹಾಸು ಹಾಕಿ ಮುಚ್ಚಿದ್ದರು. ಅರ್ಧ ಶತಮಾನದಷ್ಟು ಹಿಂದಿನ ಆ ತೇಪೆಯ ಫಲ 2015ರಲ್ಲಿ ಕಂಡಿತು. ಮತ್ತೆ ಕಟ್ಟುವಾಗ ಮರ, ಇಟ್ಟಿಗೆ, ಮಣ್ಣನ್ನೇ ಬಳಸಬೇಕು ಎಂದು ಸ್ಥಳೀಯರು ಪಟ್ಟು ಹಿಡಿದದ್ದು ಬರೀ ಭಾವುಕತೆಯಲ್ಲ ಎಂಬುದು ಆಗ ಓದುಗರಿಗೆ ತಾನಾಗಿ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ ಐತಿಹ್ಯ ಬರಲಿ, ಮತ್ತು ಪೂರ್ತಿಯಾಗಿ ಬರಲಿ. ಮಚ್ಛೇಂದ್ರನಾಥನ ರಥ ನೋಡಲು ಕಲ್ಪವೃಕ್ಷ ಮನುಷ್ಯ ರೂಪದಲ್ಲಿ ಬಂದು ಗುಂಪಿನಲ್ಲಿ ನಿಂತಿತ್ತು. ಒಬ್ಬ ತಾಂತ್ರಿಕ ಗುರುತು ಹಿಡಿದು ಮಂತ್ರದಿಂದ ಕಟ್ಟಿಹಾಕಿದ. ಬಿಟ್ಟುಕೊಡಬೇಕಾದರೆ ಒಂದು ಮರ ಬೇಕೆಂದ. ಆ ಒಂದೇ ಮರದಿಂದ ಇಡೀ ಮಂಡಪ ಎದ್ದಿತು. ಎಣ್ಣೆ, ಉಪ್ಪು ಸಮಬೆಲೆಗೆ ಮಾರುವ ದಿನ ಪ್ರತಿಷ್ಠೆ ಎಂದು ನಿಶ್ಚಯವಾಯಿತು. ಆ ದಿನ ಬರಲೇ ಇಲ್ಲ. ನೀವು ಇದನ್ನು ‘ವಿಚಿತ್ರ ನಂಬಿಕೆ’ ಎಂದು ಕರೆದು ಮುಂದೆ ಹೋಗಿದ್ದೀರಿ. ತುಸು ನಿಂತು ನೋಡಿ. ಆ ಕಾಲಕ್ಕೆ ಉಪ್ಪು ಟಿಬೆಟ್‌ನಿಂದ ಬೆಟ್ಟ ದಾಟಿ ಬರಬೇಕು, ಎಣ್ಣೆ ಕಣಿವೆಯ ಗಾಣದಲ್ಲಿ ಅರೆದ ಸಾಸಿವೆಯದು. ಒಂದು ದೂರದ ಸರಕು, ಒಂದು ಮನೆಯಂಗಳದ್ದು. ದಾರಿ ಕೂಡುವ ಜಾಗದ ಛತ್ರಕ್ಕೆ ಸ್ಥಳಪುರಾಣ ಕಟ್ಟಿದವರು ಸಂತೆಯ ಮಾತಿನಲ್ಲೇ ಕಟ್ಟಿದ್ದಾರೆ. ಸ್ಥಳಪುರಾಣ ಎಲ್ಲಿ ನಿಂತಿದೆ, ಯಾರ ಬಾಯಲ್ಲಿದೆ ಎಂದು ತೋರಿಸಿದರೆ ಸಾಕು. ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ಹೊಣೆ ನಿಮ್ಮದಲ್ಲ.

ಕಟ್ಟಡದ ಭಾಗಗಳಿಗೆ ಅಲ್ಲಿಯ ಹೆಸರು ಕೊಡಿ. ನೀವು ‘ಕಲಾತ್ಮಕ ಮರದ ಕೆತ್ತನೆಗಳು’ ಎಂದು ಬರೆದದ್ದು ತುಂಡಾಲ್‌ಗಳು. ಗೋಡೆಯಿಂದ ಓರೆಯಾಗಿ ಎದ್ದು ಮಾಡಿನ ಅಂಚನ್ನು ಎತ್ತಿ ಹಿಡಿಯುವ ಊರೆಗಳು. ಒಂದನ್ನು ಹತ್ತಿರದಿಂದ ನೋಡಿ: ಮೇಲೆ ಎಲೆಗೊಂಚಲು, ನಡುವೆ ಹಲವು ಕೈಗಳ ದೇವತೆ, ಕಾಲ ಬಳಿ ಗೇಣುದ್ದದ ಸಣ್ಣ ದೃಶ್ಯ. ಮೂಲೆಯ ತುಂಡಾಲ್‌ಗಳಲ್ಲಿ ದೇವತೆಯ ಬದಲು ರೆಕ್ಕೆಯ ವ್ಯಾಳ, ಅಂದರೆ ಸಿಂಹದಂಥ ಕಲ್ಪಿತ ಮೃಗ. ಮಿಥುನ ಚಿತ್ರಗಳು ಇರುವುದು ಆ ಕೆಳಗಿನ ತುಂಡಿನಲ್ಲಿ ಮಾತ್ರ. ಸಿಡಿಲಿನ ದೇವಿ ನಾಚಿ ದೂರ ಸರಿಯಲಿ ಎಂದು ಅವನ್ನು ಕೆತ್ತಿದರು ಎಂಬುದು ಗೈಡುಗಳು ಹೇಳುವ ಕಥೆ. ನೀವು ಅದಕ್ಕೆ ಒಂದಿಡೀ ಪ್ಯಾರಾ ಕೊಟ್ಟು, ಮೇಲಿರುವ ದೇವತೆ ಯಾರೆಂದು ಹೇಳುವುದನ್ನು ಮರೆತಿದ್ದೀರಿ.

ಮಾಡು ಅಷ್ಟು ಮುಂದೆ ಚಾಚುವುದೂ ಅಲಂಕಾರಕ್ಕಲ್ಲ. ಗೋಡೆಯ ಇಟ್ಟಿಗೆಗಳ ನಡುವೆ ಇರುವುದು ಮಣ್ಣಿನ ಗಾರೆ. ಮಳೆ ಬಿದ್ದರೆ ಕರಗುತ್ತದೆ, ಆದ್ದರಿಂದ ಮಾಡು ಕೊಡೆಯಾಗಬೇಕು. ಝಿಂಗಟಿ ಎಂಬ ಸಣ್ಣ ಹೆಂಚುಗಳನ್ನು ಮಣ್ಣಿನ ಹಾಸಿನ ಮೇಲೆ ಕೂರಿಸುತ್ತಾರೆ. ಆ ಮಣ್ಣಿನಲ್ಲಿ ಹುಲ್ಲು, ಆಲದ ಸಸಿ ಬೇರು ಬಿಡುತ್ತವೆ, ಹೆಂಚು ಸರಿಯುತ್ತದೆ, ನೀರು ತೊಲೆಯ ತುದಿಗೆ ಇಳಿಯುತ್ತದೆ. ಗೋಡೆಯೊಳಗೆ ಹುದುಗಿದ ಆ ತುದಿ ಕೊಳೆಯುತ್ತಿರುವುದು ಹೊರಗೆ ಕಾಣುವುದಿಲ್ಲ. ವರ್ಷ ವರ್ಷ ಮಾಡಿನ ಹುಲ್ಲು ಕೀಳುವುದು ಇಂಥ ಗುಡಿಗಳಿಗೆ ಪೂಜೆಯಷ್ಟೇ ಮುಖ್ಯ.

‘ಪಗೋಡವನ್ನು ಜಗತ್ತಿಗೆ ಕೊಟ್ಟದ್ದು ಕಠ್ಮಂಡು, ಚೀನಾಕ್ಕೆ ಒಯ್ದವನು ಅರನಿಕೊ’ ಎಂಬ ಸಾಲು ಎಲ್ಲೆಡೆ ಓಡಾಡುತ್ತಿದೆ, ನಿಮ್ಮಲ್ಲೂ ಬಂದಿದೆ. ಅರನಿಕೊ ಎಂಬ ಶಿಲ್ಪಿ ಕಣಿವೆಯಿಂದ 1260ರಲ್ಲಿ ಕುಶಲಕರ್ಮಿಗಳ ತಂಡದೊಂದಿಗೆ ಟಿಬೆಟ್‌ಗೆ ಹೋಗಿ, ಅಲ್ಲಿಂದ ಕುಬ್ಲೈ ಖಾನನ ಆಸ್ಥಾನ ಸೇರಿದ್ದು ನಿಜ. ಆದರೆ ಬೀಜಿಂಗ್‌ನಲ್ಲಿ 1279ಕ್ಕೆ ಮುಗಿದ ಅವನ ಕಟ್ಟಡ ಬಿಳಿಯ ಸ್ತೂಪ, ಗುಂಡನೆಯ ಒಡಲಿನದು. ಅದು ಮಾಡಿನ ಮೇಲೆ ಮಾಡು ಇರುವ ಕಟ್ಟಡವಲ್ಲ. ಚೀನಾದ ಸೊಂಗ್ಯುಯೆ ಪಗೋಡ 6ನೇ ಶತಮಾನದ್ದು, ಅರನಿಕೊಗಿಂತ ಏಳು ನೂರು ವರ್ಷ ಹಳೆಯದು. ಮಾಡಿದ್ದನ್ನು ಸರಿಯಾಗಿ ಹೇಳಿದರೂ ಅರನಿಕೊ ದೊಡ್ಡವನಾಗಿಯೇ ಉಳಿಯುತ್ತಾನೆ.

ಕನ್ನಡದ ನಂಟಿನ ಬಗ್ಗೆ ನೀವು ಬರೆದ ಅಧ್ಯಾಯ ನಮಗೆ ಹೆಚ್ಚು ಕಳವಳ ತಂದಿತು. ಅದು ಇರಲೇಬೇಕಾದ ವಿಷಯ, ಅದಕ್ಕೇ ಎಚ್ಚರ ಬೇಕು. ‘ಕನ್ನಡದ ಹರಿಸಿಂಹದೇವ ಕಠ್ಮಂಡುವನ್ನು ಗೆದ್ದು ತಲೇಜು ದೇವಿಯನ್ನು ಸ್ಥಾಪಿಸಿದ’ ಎಂದಿದ್ದೀರಿ. ಚಾಲುಕ್ಯರ ದಂಡಿನೊಂದಿಗೆ ಉತ್ತರಕ್ಕೆ ಹೋದನೆಂದು ಊಹಿಸಲಾದ ನಾನ್ಯದೇವ 1097ರಲ್ಲಿ ಮಿಥಿಲೆಯಲ್ಲಿ ಕರ್ಣಾಟ ಮನೆತನ ಕಟ್ಟಿದ. ರಾಜಧಾನಿ ಸಿಮ್ರೌನ್‌ಗಢ ಇಂದು ನೇಪಾಳದ ತರಾಯಿಯಲ್ಲಿದೆ. ಇದು ಗಟ್ಟಿ ಚರಿತ್ರೆ. ಆ ಮನೆತನದ ಹರಿಸಿಂಹದೇವ 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ಸಿಕ್ಕಿ ಬೆಟ್ಟದ ಕಡೆ ಓಡಿದ. ಗೆದ್ದ ಎಂದು ಹೇಳುವುದು ಬಹಳ ಕಾಲದ ನಂತರ ಬರೆದ ವಂಶಾವಳಿಗಳು. ಅವನು ದಾರಿಯಲ್ಲೇ ತೀರಿಕೊಂಡ, ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು ಎಂಬುದು ಇತಿಹಾಸಕಾರರು ಒಪ್ಪುವ ಮಾತು. ಕಠ್ಮಂಡುವಿನ ತಲೇಜು ಗುಡಿಯಂತೂ ಅದಾಗಿ ಎರಡು ಶತಮಾನ ಕಳೆದ ಮೇಲೆ, 1564ರಲ್ಲಿ ಮಹೇಂದ್ರ ಮಲ್ಲ ಕಟ್ಟಿಸಿದ್ದು. ಸೋತು ಬಂದ ಕುಟುಂಬದ ಕುಲದೇವತೆ ಎಂಬ ನೆನಪು ಮಲ್ಲರ ರಾಜದೇವತೆಗೆ ಅಂಟಿಕೊಂಡದ್ದು ಗೆಲುವಿನ ಕಥೆಗಿಂತ ಹೆಚ್ಚು ಮನಮುಟ್ಟುತ್ತದೆ.

ಪಶುಪತಿನಾಥದ ಭಟ್ಟರ ವಿಷಯದಲ್ಲಿ ನಂಬಿಕೆ ಮತ್ತು ದಾಖಲೆಯನ್ನು ಬೇರೆ ಮಾಡಿ. ಶಂಕರಾಚಾರ್ಯರು ಈ ಪದ್ಧತಿ ಹಾಕಿದರು ಎಂಬುದು ಪರಂಪರೆಯ ಮಾತು, ಹಾಗೆಂದೇ ಬರೆಯಿರಿ. ದಕ್ಷಿಣದ, ಬಹುಪಾಲು ಕರ್ನಾಟಕದ ಭಟ್ಟರಿಗೆ ಮಾತ್ರ ಲಿಂಗ ಮುಟ್ಟಿ ಪೂಜಿಸುವ ಅಧಿಕಾರ ಇರುವುದು, ಅವರ ಮುಖ್ಯಸ್ಥರನ್ನು ಮೂಲ ಭಟ್ಟ ಎನ್ನುವುದು, ಉಗ್ರಾಣ ಮತ್ತು ಪರಿಚಾರಿಕೆ ಸ್ಥಳೀಯ ಭಂಡಾರಿಗಳ ಕೈಯಲ್ಲಿರುವುದು ಇಂದಿಗೂ ನಡೆಯುತ್ತಿರುವ ವ್ಯವಸ್ಥೆ. ನೇಪಾಳಿ ಅರ್ಚಕರನ್ನು ನೇಮಿಸುವ ಸರ್ಕಾರದ ಯತ್ನ 2009ರ ಆರಂಭದಲ್ಲಿ ಪ್ರತಿಭಟನೆಯ ನಂತರ ಹಿಂದೆ ಸರಿಯಿತು. ಇದನ್ನು ‘ಕನ್ನಡಿಗರ ವಿಜಯ’ ಎಂದು ಬರೆಯಬೇಡಿ. ಭಂಡಾರಿಗಳನ್ನು ಬಿಟ್ಟರೆ ಆ ಗುಡಿಯ ದಿನಚರಿ ಅರ್ಧವೇ ಆಗುತ್ತದೆ.

ನಿಜವಾಗಿ ಬೆಳೆಸಬೇಕಾದ ನಂಟನ್ನು ನೀವು ಮುಟ್ಟಿಯೇ ಇಲ್ಲ. ಪಾಟನ್‌ನ ಕೆಂಪು ಮಚ್ಛೇಂದ್ರನಾಥ ಬೌದ್ಧರಿಗೆ ಕರುಣಾಮಯ ಲೋಕೇಶ್ವರ, ಹಿಂದೂಗಳಿಗೆ ನಾಥಗುರು. ಶಿಷ್ಯ ಗೋರಖನಾಥ ನಾಗಗಳ ಮೇಲೆ ಕುಳಿತು ಮಳೆ ತಡೆದ, ಗುರುವನ್ನು ಕಂಡು ಎದ್ದಾಗ ಮಳೆ ಬಂತು ಎಂಬುದು ಅಲ್ಲಿಯ ಐತಿಹ್ಯ. ಹನ್ನೆರಡು ವರ್ಷಕ್ಕೊಮ್ಮೆ ಅವನ ರಥ ಬುಂಗಮತಿಯಿಂದಲೇ ಹೊರಡುತ್ತದೆ. ಮಂಗಳೂರಿನ ಕದ್ರಿಯಲ್ಲಿ ಆಳುಪರ ಕುಂದವರ್ಮ ಪ್ರತಿಷ್ಠೆ ಮಾಡಿಸಿದ, 968ರ ಶಾಸನವಿರುವ ಮೂರು ಮುಖದ ಲೋಕೇಶ್ವರ ಕಂಚಿನ ವಿಗ್ರಹವಿದೆ. ಪಕ್ಕದಲ್ಲೇ ಜೋಗಿ ಮಠ, ಅಲ್ಲಿಯೂ ಹನ್ನೆರಡು ವರ್ಷಕ್ಕೊಮ್ಮೆ ಹೊಸ ಅರಸನ ಪಟ್ಟ. ಯಾರು ಯಾರಿಂದ ಪಡೆದರು ಎಂದು ತೀರ್ಮಾನಿಸಲು ಹೋಗದೆ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದರೆ ಸಾಕು. ಅದು ಬೇರೆಯದೇ ಲೇಖನ, ಮುಂದೆ ಕಳಿಸಿ.

ಸರೋವರದ ಕಥೆಗೆ ಒಂದು ಸೇರ್ಪಡೆ. ಬೋಧಿಸತ್ವ ಮಂಜುಶ್ರೀ ಖಡ್ಗದಿಂದ ಚೋಭಾರ್ ಬಳಿ ಬೆಟ್ಟವನ್ನು ಸೀಳಿ ನೀರು ಹರಿಸಿದ, ಕಮಲ ಅರಳಿದ್ದ ಜಾಗ ಸ್ವಯಂಭು ಗುಡ್ಡವಾಯಿತು ಎಂದಿದ್ದೀರಿ. ಕಣಿವೆ ಒಂದು ಕಾಲಕ್ಕೆ ಸರೋವರವಾಗಿದ್ದದ್ದು ಭೂವಿಜ್ಞಾನವೂ ಹೇಳುವ ಮಾತು. ತಳದ ಕಪ್ಪು ಜೇಡಿಮಣ್ಣಿಗೆ ಅಲ್ಲಿ ಕಾಲಿಮಾಟಿ ಎನ್ನುತ್ತಾರೆ, ನಗರದ ಒಂದು ಬಡಾವಣೆಗೂ ಅದೇ ಹೆಸರು. 1670ರಲ್ಲಿ ಪ್ರತಾಪ ಮಲ್ಲ ಮಗನನ್ನು ಕಳೆದುಕೊಂಡ ರಾಣಿಗಾಗಿ ತೋಡಿಸಿದ ರಾಣಿ ಪೋಖರಿಯನ್ನು ಭೂಕಂಪದ ನಂತರ ಕಾಂಕ್ರೀಟಿನಲ್ಲಿ ಕಟ್ಟಲು ಹೊರಟಾಗ ಜನ ವಿರೋಧಿಸಿದರು. ಕೊನೆಗೆ ಇಟ್ಟಿಗೆ ಮತ್ತು ಕಪ್ಪು ಮಣ್ಣನ್ನೇ ಬಳಸಿ ಕೆರೆ ಮುಗಿಸಿದರು.

ತಿದ್ದಿದ ಪ್ರತಿ 1,500 ಪದ ಮೀರದಿರಲಿ. ಕಾಷ್ಠಮಂಡಪವಿರುವ ಮರೂ ಚೌಕ ಬಿಟ್ಟು ಆಚೆ ಹೋಗಬೇಡಿ. ಬೆಳಗಿನ ಸಂತೆ, ಎದುರಿನ ಅಶೋಕ ವಿನಾಯಕನ ಪುಟ್ಟ ಗುಡಿ, ಹೊಸ ಕಂಬಗಳ ಬಣ್ಣ ಎಲ್ಲವೂ ಅಲ್ಲೇ ಸಿಗುತ್ತವೆ. ಚಾಂಗುವಿನ 464ರ ಸ್ತಂಭ ಶಾಸನವನ್ನು ‘ಕಣಿವೆಯ ಅತಿ ಪುರಾತನ ಶಾಸನ’ ಎಂದದ್ದನ್ನು ಹೊಡೆದುಹಾಕಿ. 1992ರಲ್ಲಿ ಮಾಲಿಗಾಂವ್‌ನಲ್ಲಿ ಸಿಕ್ಕ ದೊರೆ ಜಯವರ್ಮನ ಪ್ರತಿಮೆಯ ಬರಹ 185ನೇ ಇಸವಿಯದು. ಚಿತ್ರಗಳಲ್ಲಿ ನಾಲ್ಕನೆಯದನ್ನು ಮಾತ್ರ ಇಟ್ಟುಕೊಂಡಿದ್ದೇವೆ, ಕಂಬದ ಬುಡ ಮತ್ತು ಪೀಠದ ಕಲ್ಲು ಕಾಣುವುದು ಅದರಲ್ಲೇ. ಅದನ್ನು ತೆಗೆದ ತಿಂಗಳು, ವರ್ಷ ಮತ್ತು ಯಾವ ಮೂಲೆಯ ಕಂಬ ಎಂಬುದನ್ನು ಬರೆದು ಕಳಿಸಿ.