ದುರಂತದ ನಂತರ ಕಟ್ಟುವ ಸ್ಮಾರಕದಿಂದ ಜನರಿಗೆ ನಿಜಕ್ಕೂ ಏನು ಉಪಯೋಗ?

ಮೊದಲನೆಯದಾಗಿ, ದುಃಖಕ್ಕೆ ಒಂದು ಜಾಗ ಸಿಗುತ್ತದೆ. ಎಷ್ಟೋ ದುರಂತಗಳಲ್ಲಿ ದೇಹವೇ ಸಿಗುವುದಿಲ್ಲ. ಆಗ ಮನೆಯವರು ಒಂದು ಹೂವು ಇಡುವುದಾದರೂ ಎಲ್ಲಿ?

ನನ್ನ ಪ್ರಕಾರ ಸ್ಮಾರಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟುವುದು ಹೆಸರು. ವಾಷಿಂಗ್ಟನ್‌ನಲ್ಲಿ 1982ರಲ್ಲಿ ತೆರೆದ ವಿಯೆಟ್ನಾಂ ಯುದ್ಧ ಸ್ಮಾರಕ ನೋಡಲು ಸುಮ್ನೆ ಒಂದು ಕಪ್ಪು ಗ್ರಾನೈಟ್ ಗೋಡೆ. ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳು. ಜನ ತಮ್ಮವರ ಹೆಸರು ಹುಡುಕಿ, ಅದರ ಮೇಲೆ ಕಾಗದ ಇಟ್ಟು, ಪೆನ್ಸಿಲ್‌ನಿಂದ ಉಜ್ಜಿ, ಮೂಡಿದ ಅಚ್ಚನ್ನು ಮನೆಗೆ ಒಯ್ಯುತ್ತಾರೆ. ಕಲ್ಲು ಕನ್ನಡಿಯಂತೆ ಹೊಳೆಯುವುದರಿಂದ ಆ ಹೆಸರುಗಳ ನಡುವೆ ನೋಡುವವರ ಮುಖವೂ ಕಾಣುತ್ತದೆ. (ಇದರ ವಿನ್ಯಾಸ ಮಾಡಿದ ಮಾಯಾ ಲಿನ್ ಆಗ 21ರ ವಿದ್ಯಾರ್ಥಿನಿ. ಶುರುವಿನಲ್ಲಿ ಬೈದವರೂ ಕಡಿಮೆ ಇರಲಿಲ್ಲ.)

ನ್ಯೂಯಾರ್ಕ್‌ನ 9/11 ಸ್ಮಾರಕದಲ್ಲಿ 2,983 ಹೆಸರುಗಳಿವೆ. ಅವು ಅಕಾರಾದಿಯಲ್ಲಿಲ್ಲ. ಜೊತೆಗೆ ಕೆಲಸ ಮಾಡಿದವರು, ಸ್ನೇಹಿತರು ಅಕ್ಕಪಕ್ಕದಲ್ಲೇ ಇದ್ದಾರೆ. ಹುಟ್ಟುಹಬ್ಬದ ದಿನ ಆ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಸತ್ತ ದಿನವಲ್ಲ, ಹುಟ್ಟಿದ ದಿನ! ಎಷ್ಟು ವ್ಯತ್ಯಾಸ ಅಲ್ವಾ?

ಹಾಗಂತ ಎಲ್ಲರಿಗೂ ಅಲ್ಲಿ ಸಮಾಧಾನ ಸಿಗುತ್ತದೆ ಎಂದೇನಿಲ್ಲ. ಕೆಲವರಿಗೆ ಅತ್ತ ಕಾಲಿಡಲೂ ಆಗುವುದಿಲ್ಲ.