ರಾತ್ರಿ ಊಟದ ನಂತರ ಎದೆಯುರಿ, ಹುಳಿತೇಗು

ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ನಿದ್ದೆ. ನೀವು ಬರೆದಿರುವ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರಕ್ಕೆ ಬಹುಶಃ ಇದೇ ಕಾರಣ. ವೈಟ್‌ಫೀಲ್ಡ್‌ನಿಂದ ಮನೆ ಸೇರುವುದೇ ಹತ್ತೂವರೆಗೆ ಅಂದಿದ್ದೀರಿ. ಹಾಗಾದರೆ ಊಟವನ್ನು ಎಂಟು ಗಂಟೆಗೆ ಆಫೀಸಿನಲ್ಲೇ ಮುಗಿಸಿ. ಊಟಕ್ಕೂ ನಿದ್ದೆಗೂ 2–3 ಗಂಟೆ ಅಂತರ ಬೇಕೇ ಬೇಕು. ಮಾತ್ರೆಗಿಂತ ಇದು ಮುಖ್ಯ.

ಆಮೇಲೆ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಸುಮಾರು 15 ಸೆಂ.ಮೀ. ಎತ್ತರಿಸಿ. ಸುಮ್ನೆ ದಿಂಬು ಜಾಸ್ತಿ ಇಟ್ಟರೆ ಕತ್ತು ಬಗ್ಗುತ್ತದೆ, ಹೊಟ್ಟೆ ಮಡಚುತ್ತದೆ, ಅಷ್ಟೇ. ಎಡಮಗ್ಗುಲಲ್ಲಿ ಮಲಗಿ. ಖಾಲಿ ಹೊಟ್ಟೆಯ ಫಿಲ್ಟರ್ ಕಾಫಿಯನ್ನು ಎರಡು ವಾರ ಬಿಟ್ಟು ನೋಡಿ. ಕಾಫಿ ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ನಿಮಗೆ ಕೊಡುತ್ತದೋ ಇಲ್ಲವೋ ಬಿಟ್ಟರೇ ಗೊತ್ತಾಗುವುದು.

ಉರಿ ಶುರುವಾದ ಕೂಡಲೇ ಆಂಟಾಸಿಡ್ ಜೆಲ್ ಸಾಕು. ಹೊಟ್ಟೆಯಲ್ಲಿ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಆದರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ತಿಂದ ಮೇಲಲ್ಲ. ಅದನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ.

ಬೆನ್ನುನೋವಿಗೆ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಿದ್ದೀರಿ ಅಲ್ವಾ? ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು. ನಿಮಗೆ ಆಗಿದೆಯೋ ಇಲ್ಲವೋ ಲಕ್ಷಣ ಓದಿ ಹೇಳಲು ಬರುವುದಿಲ್ಲ. ಅದಕ್ಕೇ ಈ ವಾರವೇ ಡಾಕ್ಟರಿಗೆ ತೋರಿಸಿ, ಆ ಮಾತ್ರೆಯ ವಿಷಯ ಮೊದಲು ಹೇಳಿ.

ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎದೆ ಬಿಗಿದು ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ ಗ್ಯಾಸ್ ಅಂತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.